ಪಂಪಿನ ಕಾರ್ಡಿನಲ್ಲಿ ಅಂಬಣ್ಣ ಬರೆದ ಸಾಲು

ಅಂಬಣ್ಣನವರ ಎದುರು ಒಂಬತ್ತು ವರ್ಷ ಕೂತು ಕೆಲಸ ಮಾಡಿದವಳು ನಾನು, ಉಷಾ. ಮೊದಲೆರಡು ವರ್ಷ ಈ ಮನುಷ್ಯ ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ. ನಮ್ಮದು ಹೈದರಾಬಾದಿನಲ್ಲಿ ಯುದ್ಧವಿಮಾನದ ಬಿಡಿಭಾಗಗಳನ್ನು ಇಡುವ ಸ್ಟೋರು. ಒಂದೊಂದು ಭಾಗಕ್ಕೂ ಒಂದೊಂದು ಕಾರ್ಡು. ಎಂದು ತಯಾರಾಯಿತು, ಎಷ್ಟು ತಾಸು ಹಾರಿತು, ಯಾವಾಗ ರಿಪೇರಿ ಕಂಡಿತು, ಎಲ್ಲ ಅದರಲ್ಲಿ. ನಾನು ಬರೆದ ಒಂದು ಸೊನ್ನೆ ಸೊಟ್ಟಗಾದರೂ ಕಾರ್ಡು ನನ್ನ ಮೇಜಿಗೆ ವಾಪಸು ಬರುತ್ತಿತ್ತು. "ತಂಗಿ, ಇದರ ಜಾತಕ ಕೆಡಿಸಬ್ಯಾಡವಾ" ಎನ್ನುತ್ತಿದ್ದರು.

ಅವರು ಮಾನ್ವಿ ಕಡೆಯವರು, ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿ. ಹೊರಗೆ ತೆಲುಗು, ಸಾಹೇಬರ ಹತ್ತಿರ ಹಿಂದಿ, ನನ್ನ ಹತ್ತಿರ ಮಾತ್ರ ಊರ ಮಾತು. "ಈ ಪಂಪು ಮೂರು ವಿಮಾನ ಕಂಡೈತಿ" ಎಂದು ಕಾರ್ಡು ಮುಟ್ಟದೆ ಹೇಳುತ್ತಿದ್ದರು. ತೆಗೆದು ನೋಡಿದರೆ ಮೂರೇ. ನನಗೆ ಮೈ ಜುಮ್ಮೆನ್ನುತ್ತಿತ್ತು. ಮೂವತ್ನಾಲ್ಕು ವರ್ಷದಲ್ಲಿ ಅವರ ಬರಹಕ್ಕೆ ತಪ್ಪು ತಿದ್ದುವ ಕೆಂಪು ಶಾಯಿ ಬಿದ್ದಿರಲಿಲ್ಲ.

ಅವರದೇ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಹೊಸ ಭಾಗಗಳ ಪಕ್ಕಕ್ಕೆ, ಅವಧಿ ಮುಗಿದು ರಿಪೇರಿಗೆ ಹೊರಟವನ್ನೂ ಅವನ್ನಿಡುವ ಕೆಂಪು ಕಪಾಟಿನಿಂದ ತಂದು ಇಡುತ್ತಿದ್ದರು. "ದುಡದು ಬಂದಾವ, ಅವಕ್ಕೂ ಒಂದು ಬೊಟ್ಟು ಬ್ಯಾಡೇನು?"

ನಿವೃತ್ತಿಗೆ ಹದಿನೈದು ದಿನವಿದ್ದಾಗ ಬಂದ ಪೂಜೆಯಲ್ಲೂ ಹಾಗೇ ಮಾಡಿದರು. ಕುಂಕುಮ ತಾಗಬಾರದೆಂದು ಒಂದು ಹೊಸ, ಒಂದು ಹಳೆಯ ಇಂಧನ ಪಂಪಿನ ನಂಬರು ಚೀಟಿ ಬಿಚ್ಚಿ, ಆಮೇಲೆ ಕಟ್ಟಿದರು. ಹೊಸದರ ಚೀಟಿ ಇದ್ದದ್ದು ವಿಮಾನಕ್ಕೆ ಹೋಯಿತು. ಚೀಟಿ ಕಟ್ಟಿದ್ದು ಅಂಬಣ್ಣ ಎಂದರೆ ಪಂಪಿನ ಮೈಮೇಲೆ ಕೊರೆದ ನಂಬರನ್ನು ಯಾರೂ ಮತ್ತೆ ಓದುತ್ತಿರಲಿಲ್ಲ.

ಪೂಜೆಯಾಗಿ ಮೂರನೆಯ ದಿನ ಹನ್ನೊಂದಕ್ಕೆ ಆ ವಿಮಾನದ ಹಾರಾಟ. ಹತ್ತಕ್ಕೆ ಅಂಬಣ್ಣ ಕೆಂಪು ಕಪಾಟಿನ ಪಂಪಿನ ಕುಂಕುಮ ಒರೆಸುತ್ತಾ ನಂಬರು ಓದಿದರು. ಕೈ ನಿಂತಿತು.

"ತಂಗಿ, ಹಳೇದು ವಿಮಾನಕ್ಕ ಹೋಗೈತಿ."

ಅವರು ಫೋನೆತ್ತಿ, ಪಂಪು ವಾಪಸು ಬೇಕು ಎಂದಷ್ಟೇ ಹೇಳಿ ಹಾರಾಟ ನಿಲ್ಲಿಸಿದರು. ಸಂಜೆಯೊಳಗೆ ಹಳೆಯದು ಬಿಚ್ಚಿಕೊಂಡು ಬಂತು, ಹೊಸದು ಕೂತಿತು.

"ಅಣ್ಣಾರ, ಏನೂ ಆಗಿಲ್ಲಲ್ಲ. ಮರುತಪಾಸಣೆಗೆ ಬಿಚ್ಚಿಸಿದ್ದು ಅಂತ ಬರದುಬಿಡ್ರಿ" ಎಂದೆ. "ಹನ್ನೆರಡ ದಿನ ಉಳದಾವ ನಿಮ್ಮವು." ಸುಳ್ಳು ಬರೆಯಿರಿ ಎಂದು ಬೇಡಿಕೊಂಡೆ. ಅವರ ಹೆಸರು ಕೆಡುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

"ನಾ ಹನ್ನೆರಡ ದಿನಕ್ಕ ಹೋಗ್ತೀನಿ. ಕಾರ್ಡು ಇನ್ನ ಇಪ್ಪತ್ತು ವರ್ಷ ಇರ್ತೈತಿ. ಇದನ್ನ ನಂಬಿ ಯಾರರೆ ಹಾರಬೇಕಲ್ಲವಾ."

ಎರಡೂ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ತಾವೇ ಬರೆದರು: ಚೀಟಿ ಅದಲುಬದಲು, ತಪ್ಪು ಸ್ಟೋರ್‌ಕೀಪರನದು, ಅಂಬಣ್ಣ. ಮರುದಿನ ಬೆಳಿಗ್ಗೆಯೇ ಕಾರಣ ಕೇಳಿ ಅವರಿಗೆ ಮೆಮೊ ಬಂತು.

ಅದರ ಹಿಂದೆಯೇ ವಿಮಾನ ಹಾರಿಸುವ ಅಧಿಕಾರಿ ಬಂದರು. ಕಾರ್ಡಿನ ಆ ಕೆಂಪು ಸಾಲನ್ನು ಎರಡು ಸಲ ಓದಿದರು. ಅಂಬಣ್ಣ ಯಾರು ಎಂದು ಹಿಂದಿಯಲ್ಲಿ ಕೇಳಿದರು. ಅಂಬಣ್ಣ ಎದ್ದು ನಿಂತರು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ.

"ಇದನ್ನು ಬರೆದವರು ನೀವಾದರೆ, ಉಳಿದ ಕಾರ್ಡು ನಾನು ನೋಡಬೇಕಾಗಿಲ್ಲ" ಎಂದು ಅಧಿಕಾರಿ ಸಹಿ ಹಾಕಿ ಹೊರಟರು.

ವಿಮಾನ ಮೇಲೆದ್ದ ಸದ್ದಿಗೆ ಸ್ಟೋರಿನ ಕಿಟಕಿಗಳು ಅದುರಿದವು. ಅಂಬಣ್ಣ ಗಡಿಯಾರ ನೋಡಿ, ಹೊಸ ಪಂಪಿನ ಕಾರ್ಡಿನಲ್ಲಿ ಹೊರಟ ವೇಳೆ ಬರೆದರು. ಅದು ಇಳಿಯುವವರೆಗೆ, ನಲವತ್ತು ನಿಮಿಷ, ಪೆನ್ನಿನ ಮುಚ್ಚಳ ಹಾಕದೆ ಕೂತಿದ್ದರು. ನಾನೂ ಕೂತಿದ್ದೆ.