ಗ್ರೂಪಿಗೆ ಹಾಕಿದವಳು ನಾನು

ಹೇಳಿದವಳು ನಾನು, ವಿಜಯಕ್ಕ. ನಿಮ್ಮ ತಮ್ಮ ಅಲ್ಲ. ಕೀಮೋ ನಡೆಯುತ್ತಿದ್ದಾಗ ನಿಮಗೆ ಐದು ದಿನದಿಂದ ಕಕ್ಕಸಿಗೆ ಆಗಿಲ್ಲ ಎಂಬ ಸುದ್ದಿಯನ್ನು ಇಲ್ಲಿನ ಕನ್ನಡದವರಿಗೆಲ್ಲ ಹಂಚಿದವಳು ನಾನು. ಯಾರು ಹೇಳಿದರು ಎಂದು ನೀವು ಕೇಳಿದಾಗ ನನ್ನ ಗಂಡನ ಹೆಸರು ಹೇಳಿದವಳೂ ನಾನೇ. ಎಂಟು ವರ್ಷವಾಯಿತು. ನಿಮ್ಮ ಒಬ್ಬನೇ ತಮ್ಮನ ಫೋನನ್ನು ನೀವು ಎಂಟು ವರ್ಷದಿಂದ ಎತ್ತಿಲ್ಲ — ಅವರು ಮಾಡದ ತಪ್ಪಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗಲೂ ನಿಮ್ಮ ಮೇಲೆ ನನಗೆ ಪ್ರೀತಿ ಉಕ್ಕಿ ಬಂದಿಲ್ಲ. ಆಗ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ನೀವು ನನ್ನನ್ನು ಕ್ಷಮಿಸಬೇಕು ಎಂದು ಬರೆಯುತ್ತಿಲ್ಲ. ಕ್ಷಮಿಸಿದರೆ ನಿಮ್ಮ ಇನ್ನೊಂದು ಋಣ ನನ್ನ ತಲೆಯ ಮೇಲೆ ಕೂರುತ್ತದೆ, ಅದೂ ನನಗೆ ಬೇಡ. ನಿಜ ನಿಮಗೆ ಗೊತ್ತಾಗಬೇಕು, ಅಷ್ಟೇ.

ನೀವು ನ್ಯೂರೆಂಬರ್ಗ್‌ನಿಂದ ಬೊಬ್ಲಿಂಗೆನ್‌ನ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಎರಡು ಸೂಟ್‌ಕೇಸು, ಒಂದು ಫೈಲು. ಆರು ಕೀಮೋ, ಮೂರು ವಾರಕ್ಕೊಂದು. ಅಷ್ಟು ತಿಂಗಳು ಒಬ್ಬಳೇ ಇರುವುದು ಬೇಡ ಎಂದು ಇವರೇ ಹೋಗಿ ಕರೆದುಕೊಂಡು ಬಂದರು. ಎರಡು ಕೋಣೆ, ಒಂದೇ ಬಾಥ್‌ರೂಮು, ಅದರೊಳಗೇ ಕಮೋಡು. ಬಂದ ಸಂಜೆಯೇ ನೀವು ನನ್ನ ಫ್ರಿಜ್ಜಿನ ಡಬ್ಬಿಗಳನ್ನು ಬೇರೆ ಥರ ಜೋಡಿಸಿದಿರಿ. ಮರುದಿನ ನೆರೆಮನೆಯ ಅಜ್ಜಿಯ ಹತ್ತಿರ ನಾನು ಮಾತಾಡಿದ ಜರ್ಮನ್ನನ್ನು ಅವರ ಎದುರಿಗೇ ತಿದ್ದಿದಿರಿ. ನಾನು ಗದಗಿನಲ್ಲಿ ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಅಕ್ಕ. ಮಕ್ಕಳನ್ನು ಕೂಡ ನಾಲ್ಕು ಜನರ ಮುಂದೆ ಹಾಗೆ ತಿದ್ದಿದವಳಲ್ಲ.

ಮೊದಲ ಕೀಮೋ ಆದ ಮೇಲೆ ವಾಂತಿ ಅಷ್ಟೇನೂ ಆಗಲಿಲ್ಲ. ವಾಂತಿ ನಿಲ್ಲಿಸುವ ಮಾತ್ರೆ ನಿಮ್ಮ ಕರುಳನ್ನೂ ನಿಲ್ಲಿಸಿಬಿಟ್ಟಿತು. ಹೀಗಾಗುತ್ತದೆ ಎಂದು ಆಸ್ಪತ್ರೆಯ ಸಿಸ್ಟರ್ ಮೊದಲೇ ಹೇಳಿದ್ದರು. ನಾನೂ ಜೊತೆಗಿದ್ದೆ, ಅವರು ಹೇಳಿದ್ದನ್ನೆಲ್ಲ ನೀವೇ ನನಗೆ ಕನ್ನಡದಲ್ಲಿ ತಿಳಿಸಿದಿರಿ. ದಿನಾ ಬೆಳಿಗ್ಗೆ ಒಂದು ಪೊಟ್ಟಣ ಪುಡಿ ನೀರಿನಲ್ಲಿ ಕರಗಿಸಿ ಕುಡಿಯಬೇಕು. ಆದಷ್ಟು ನೀರು ಕುಡಿಯಬೇಕು, ಸ್ವಲ್ಪ ಓಡಾಡಬೇಕು. ಮೂರು ದಿನ ಆಗದಿದ್ದರೆ ಫೋನ್ ಮಾಡಬೇಕು. ಎನಿಮಾ ಬೇಡ — ಬಿಳಿ ರಕ್ತಕಣ ಇಳಿದಿರುವಾಗ ಒಂದು ಸಣ್ಣ ಗೀರು ಬಿದ್ದರೂ ಸೋಂಕು ಹತ್ತುತ್ತದೆ. ಆಸ್ಪತ್ರೆಯವರನ್ನು ಕೇಳದೆ ಯಾವ ಮನೆಮದ್ದೂ ಬೇಡ. ಅದರಲ್ಲೂ ಇಸಬ್ಗೋಲಿನಂಥ ನಾರಿನ ಪುಡಿಗಳನ್ನು ಸಾಕಷ್ಟು ನೀರು ಇಲ್ಲದೆ ತಗೊಂಡರೆ ಒಳಗೇ ಗಟ್ಟಿಯಾಗಿ ಕೂತುಬಿಡುತ್ತವೆ ಎಂದಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಆವತ್ತು ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನೀವು ನನ್ನ ಕೈ ಹಿಡಿದುಕೊಂಡಿರಿ. ಮದುವೆಯಾಗಿ ಬಂದ ಮೇಲೆ ಅದೊಂದೇ ಸಲ. "ಶೈಲಾ, ಇದೆಲ್ಲಾ ನಮ್ಮಿಬ್ಬರೊಳಗ ಇರ್ಲಿ. ನನ್ನ ತಮ್ಮ ಬಸ್ಯಾಗೂ ಹೇಳಬ್ಯಾಡ. ನಂಗ ನಾಚಿಕಿ ಆಗ್ತೈತಿ," ಅಂದಿರಿ. ನಾನು ಹೇಳುವುದಿಲ್ಲ ಅಂದೆ. ಹೇಳಲೂ ಇಲ್ಲ — ಎರಡನೇ ಕೀಮೋ ಆಗಿ ಐದನೇ ದಿನದವರೆಗೆ.

ಆ ಸಲ ಪುಡಿ ಕುಡಿದರೂ ಆಗಲಿಲ್ಲ. ದಿನಾ ಮುಕ್ಕಾಲು ಗಂಟೆ ಒಳಗೆ ಕೂತಿರುತ್ತಿದ್ದಿರಿ, ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು. ಆ ಬೆಳಿಗ್ಗೆ ನನಗೆ ಜರ್ಮನ್ ಪರೀಕ್ಷೆಯಿತ್ತು. ಎರಡು ಸಲ ಬಾಗಿಲು ಬಡಿದೆ. ಮೂರನೇ ಸಲ ಬಡಿದು, "ಇವತ್ತಿಗೆ ಐದ್ ದಿನಾ ಆತ್ರಿ ಅಕ್ಕಾರ, ಆಸ್ಪತ್ರಿಗೆ ಫೋನ್ ಮಾಡ್ರಿ," ಎಂದೂ ಅಂದೆ. ನೀವು ಬಾಗಿಲು ತೆರೆದಿರಿ. ತಲೆಯಲ್ಲಿ ಕೂದಲಿಲ್ಲ, ಮುಖ ಬೆವತಿತ್ತು. ಆಗ ಆ ಮಾತು ಬಂತು.

"ನನ್ನ ತಮ್ಮನ ಬ್ಲೂ ಕಾರ್ಡಿನ ಮ್ಯಾಲ ಬಂದು ಕುಂತಾಕಿ ನೀ. ನಂಗ ದಿನಾ ಎಣಿಸಿ ತೋರಸಬ್ಯಾಡ."

ನೋವಿನಲ್ಲಿದ್ದವರು ಆಡಿದ ಮಾತು. ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಅಕ್ಕ, ಇವರ ಕೆಲಸದ ವೀಸಾದ ಆ ಕಾರ್ಡಿನ ವಿಷಯ ನನಗೆ ಗಾಯವಾಗಿತ್ತು ಎಂಬುದು ನಿಮಗೆ ಗೊತ್ತಿತ್ತು. ಯಾವ ಕಚೇರಿಗೆ ಹೋದರೂ ಇವರ ಹೆಸರಿನ ಕೆಳಗೆ ನನ್ನ ಹೆಸರು. ನೀವೂ ಬ್ಲೂ ಕಾರ್ಡಿನ ಮೇಲೆ ಬಂದವರೇ, ನಿಮ್ಮ ಸ್ವಂತ ಕಾರ್ಡು. ಆ ಹೆಮ್ಮೆ ನಿಮ್ಮ ಮುಖದಲ್ಲಿ ಯಾವಾಗಲೂ... ಇರಲಿ. ಪರೀಕ್ಷೆಗೆ ಹೋದೆ. ಬರೆದೆನೋ ಬಿಟ್ಟೆನೋ ನೆನಪಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಬಂದವಳು ಬಸ್‌ಸ್ಟಾಪಿನಲ್ಲಿ ನಿಂತು ಫೋನ್ ತೆಗೆದೆ. ನಮ್ಮ ಸುತ್ತಿನ ಕನ್ನಡ ಹೆಂಗಸರ ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಜನ. ಅಡುಗೆ, ಬಾಡಿಗೆ ಮನೆ, ಮಕ್ಕಳ ಡಾಕ್ಟರು — ಎಲ್ಲಕ್ಕೂ ಅದೇ ಗ್ರೂಪು. ನೀವು ಅದರಲ್ಲಿ ಇರಲಿಲ್ಲ, ಅಂಥ ಹರಟೆಗೆ ನಿಮಗೆ ಪುರುಸೊತ್ತಿರಲಿಲ್ಲ. ಬರೆದೆ:

"ನಮ್ಮ ಮನೆಯಲ್ಲಿ ಇವರ ಅಕ್ಕನಿಗೆ ಕೀಮೋ ನಡೆದಿದೆ. ಐದು ದಿನದಿಂದ ಮೋಷನ್ ಆಗಿಲ್ಲ. ಮನೆಮದ್ದು ಗೊತ್ತಿದ್ದವರು ದಯವಿಟ್ಟು ತಿಳಿಸಿ."

ಎಷ್ಟು ಕಾಳಜಿಯ ಮಾತು ನೋಡಿ! ಯಾರೂ ತಪ್ಪು ಹುಡುಕುವಂತಿಲ್ಲ. ನನಗೆ ಮನೆಮದ್ದು ಬೇಕಿರಲಿಲ್ಲ, ಮದ್ದು ಏನೆಂದು ನನಗೆ ಗೊತ್ತಿತ್ತು — ಆಸ್ಪತ್ರೆಗೆ ಒಂದು ಫೋನು. ನನಗೆ ಬೇಕಿದ್ದದ್ದು ನಿಮ್ಮ ಮಾನ. ಹೊಸದಾಗಿ ಬಂದವರಿಗೆಲ್ಲ ಕಚೇರಿಯ ಕಾಗದ ತುಂಬಿಕೊಟ್ಟು, ರಾಜ್ಯೋತ್ಸವದ ಸ್ಟೇಜಿನ ಮೇಲೆ ನಿಂತು ಮಾತಾಡುವ ವಿಜಯಾ ಮೇಡಂ ಕಕ್ಕಸು ಕಟ್ಟಿಕೊಂಡು ಕೂತಿದ್ದಾರೆ ಎಂದು ನೂರು ಮನೆಯಲ್ಲಿ ಗೊತ್ತಾಗಲಿ ಎಂದೇ ಬರೆದೆ.

ಬಸ್ಸು ಬರುವುದರೊಳಗೆ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಬಿಸಿ ಹಾಲಿಗೆ ತುಪ್ಪ. ರಾತ್ರಿ ನೆನೆಸಿದ ಅಂಜೂರ. ಹರಳೆಣ್ಣೆ ಎರಡು ಚಮಚ. ತ್ರಿಫಲ. ಇಸಬ್ಗೋಲು, ಇಸಬ್ಗೋಲು, ಇಸಬ್ಗೋಲು. ಒಬ್ಬಾಕೆ ತನ್ನ ಮಾವನವರ ಕಥೆಯನ್ನು ನಾಲ್ಕು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಹೇಳಿದಳು. ಇನ್ನೊಬ್ಬಾಕೆ ವಜ್ರಾಸನದ ವಿಡಿಯೊ ಹಾಕಿದಳು. ನಾನು ಬಸ್ಸಿನಲ್ಲಿ ಕೂತು ನಕ್ಕೆ, ಅಕ್ಕ. ಎದುರಿಗೆ ಕೂತಿದ್ದ ಹೆಂಗಸು ನನ್ನನ್ನು ನೋಡಿ ತಾನೂ ನಕ್ಕಳು.

ಮನೆಗೆ ಬರುವಷ್ಟರಲ್ಲಿ ನೀವೇ ಆಸ್ಪತ್ರೆಗೆ ಫೋನ್ ಮಾಡಿದ್ದಿರಿ. ಪುಡಿಯನ್ನು ದಿನಕ್ಕೆ ಮೂರು ಸಲ ಮಾಡಿದ್ದರು. ಮರುದಿನ ಬೆಳಿಗ್ಗೆ ಹೊಟ್ಟೆ ಸಡಿಲಾಯಿತು. ಬಾಗಿಲು ತೆರೆದು ಹೊರಬಂದ ನಿಮ್ಮ ಮುಖ ಹಗುರವಾಗಿತ್ತು, "ಒಂದ್ ಗ್ಲಾಸ್ ಮಜ್ಜಗಿ ಮಾಡಿ ಕೊಡ," ಎಂದು ಮೆಲ್ಲಗೆ ಕೇಳಿದಿರಿ. ಕೊಟ್ಟೆ. ಅಲ್ಲಿಗೇ ಮುಗಿಯಬಹುದಿತ್ತು. ಗ್ರೂಪಿನಿಂದ ಆ ಮೆಸೇಜನ್ನು ಅಳಿಸಿದೆ. ಆದರೆ ಓದಿದವರು ಓದಿಯಾಗಿತ್ತು.

ಕಾಯಿಲೆಯವರನ್ನು ನೋಡಿ ಬರುವುದು ನಮ್ಮವರಲ್ಲಿ ಬಿಟ್ಟರೆ ಆಗದ ಪದ್ಧತಿ. ಬರಬೇಡಿ, ಸೋಂಕಿನ ಭಯವಿದೆ ಎಂದರೂ ಮಾಸ್ಕ್ ಹಾಕಿಕೊಂಡು ಬರುತ್ತಾರೆ. ಮೂರನೇ ಕೀಮೋ ಆದ ವಾರ, ಶನಿವಾರ ಮಧ್ಯಾಹ್ನ, ಎರಡು ಕುಟುಂಬ ಬಂದವು. ಒಬ್ಬರು ನಿಮ್ಮ ಕೈಕೆಳಗೆ ಕೆಲಸ ಕಲಿತ ಹುಡುಗನ ಹೆಂಡತಿ, ಆ ಹುಡುಗನೂ ಜೊತೆಗಿದ್ದ. ಚೀಲ ತುಂಬ ಅಂಜೂರ, ದೊಡ್ಡ ಡಬ್ಬಿ ಇಸಬ್ಗೋಲು. ಇವರು ಚಹಾದ ಟ್ರೇ ಹಿಡಿದು ನಿಂತಿದ್ದರು. ಆ ಹೆಂಗಸು ನಿಮ್ಮ ಪಕ್ಕ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಈಗ ಹೊಟ್ಟಿ ಹಗುರ ಆತೇನ್ರಿ ಅಕ್ಕಾರ? ಐದ್ ದಿನಾ ಅಂದ್ರ ಭಾಳ ಆತ್ರಿ. ನಾವೆಲ್ಲಾ ಅದನ್ನ ಮಾತಾಡಾಕತ್ತಿದ್ವಿ."

ಆ ಹುಡುಗ ಕಿಟಕಿಯ ಕಡೆ ತಿರುಗಿದ. ನೀವು ತಲೆಯ ಸ್ಕಾರ್ಫನ್ನು ಸರಿಮಾಡಿಕೊಂಡಿರಿ — ಅದು ಸರಿಯಾಗಿಯೇ ಇತ್ತು. ಅದನ್ನು ನೋಡಿದಾಗ ನನಗೆ ನಗು ಬರಲಿಲ್ಲ.

ಅವರು ಹೋದ ಮೇಲೆ, ಇವರು ಅವರನ್ನು ಕಾರಿನವರೆಗೆ ಕಳಿಸಲು ಇಳಿದಿದ್ದಾಗ, ನೀವು ಅಡುಗೆಮನೆಗೆ ಬಂದು ಕೇಳಿದಿರಿ. "ಯಾರ್ ಹೇಳ್ಯಾರ ಇವರಿಗೆ?"

ನಾನೇ ಎನ್ನಬಹುದಿತ್ತು. ಎರಡು ಅಕ್ಷರ. ನೀವು ಬೈಯುತ್ತಿದ್ದಿರಿ, ನಾನೂ ಬೈಯುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಆದರೆ ನಿಮ್ಮ ಕಣ್ಣು ನೋಡಿ ಭಯವಾಯಿತು, ಬಾಯಿಗೆ ಬಂದದ್ದು ಬೇರೆಯೇ. "ನಾ ಇವರೊಬ್ಬರ ಮುಂದ ಅಂದಿದ್ದೆ ರೀ. ಇವರ ದೋಸ್ತರ ಮುಂದ ಇವರೇ ಅಂದಿರಬೇಕು... ನಗ್ಚಾಟಕ್ಕ."

ನಗ್ಚಾಟಕ್ಕ. ತಮಾಷೆಗೆ ಎಂಬ ಆ ಮಾತನ್ನು ಸೇರಿಸುವ ಅಗತ್ಯವೇ ಇರಲಿಲ್ಲ. ಏಕೆ ಸೇರಿಸಿದೆ ಎಂದು ಎಂಟು ವರ್ಷದಿಂದ ಕೇಳಿಕೊಂಡಿದ್ದೇನೆ. ನಿಮ್ಮ ತಮ್ಮನಿಗೆ ನಿಮ್ಮ ಕಾಯಿಲೆಯ ಈ ಭಾಗ ಆ ಮಧ್ಯಾಹ್ನದವರೆಗೂ ಗೊತ್ತೇ ಇರಲಿಲ್ಲ, ಅಕ್ಕ. ಆ ಹೆಂಗಸಿನ ಬಾಯಿಂದಲೇ ಅವರೂ ಮೊದಲ ಸಲ ಕೇಳಿದ್ದು.

ಆಮೇಲೆ ನೀವು ಯಾರಿಗೂ ಏನೂ ಹೇಳಲಿಲ್ಲ. ಇವರಿಗೆ ಬೆನ್ನು ಹಾಕಿ ಮಲಗಿದಿರಿ. ನನ್ನ ಕೈಯಿಂದ ಪುಡಿಯ ನೀರು ತಗೊಳ್ಳುವುದನ್ನೂ ಬಿಟ್ಟಿರಿ. ಕೇಳಿದರೆ "ಆಗೇತಿ" ಅಂದಿರಿ. ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದಾಗಲೂ ಎಲ್ಲ ಸರಿಯಿದೆ ಅಂದಿರಿ — ಗೋಡೆಯಾಚೆ ನಿಂತು ಕೇಳಿಸಿಕೊಂಡೆ, ಅಷ್ಟು ಜರ್ಮನ್ ನನಗೂ ಬರುತ್ತಿತ್ತು. ಬುಧವಾರ ನಿಮ್ಮ ಕೋಣೆ ಗುಡಿಸುವಾಗ ಹಾಸಿಗೆಯ ಪಕ್ಕದಲ್ಲಿ ಇಸಬ್ಗೋಲಿನ ಡಬ್ಬಿ ಕಂಡಿತು. ಅರ್ಧ ಖಾಲಿ. ಪಕ್ಕದಲ್ಲಿ ಒಂದು ಸಣ್ಣ ಲೋಟ. ಒಂದು ಗುಟುಕು ನೀರು ಇಳಿಸಲೂ ನಿಮಗೆ ಆಗುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು, ಸಿಸ್ಟರ್ ಹೇಳಿದ್ದೂ ನೆನಪಿತ್ತು. ಡಬ್ಬಿಯನ್ನು ಎತ್ತಿ, ಅದರ ಕೆಳಗೆ ಗುಡಿಸಿ, ಮತ್ತೆ ಅಲ್ಲೇ ಇಟ್ಟು ಬಂದೆ.

ಗ್ರೂಪಿಗೆ ಬರೆದದ್ದು ಸಿಟ್ಟಿನಲ್ಲಿ. ಇದಕ್ಕೆ ಆ ಹೆಸರೂ ಇಲ್ಲ. ನಾನು ಬಾಯಿ ಬಿಟ್ಟರೆ ಮಾತು ಬೆಳೆದು ಸುಳ್ಳು ಹೊರಬೀಳುತ್ತದೆ ಎಂದು ಸುಮ್ಮನಿದ್ದೆ. ಶುಕ್ರವಾರ ಬೆಳಿಗ್ಗೆ ನೀವು ಹಸಿರು ಹಸಿರಾಗಿ ವಾಂತಿ ಮಾಡಿಕೊಂಡಿರಿ, ಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಆ್ಯಂಬುಲೆನ್ಸ್ ಬಂತು. ಕರುಳು ಕಟ್ಟಿಕೊಂಡಿದೆ ಎಂದರು, ಮೂಗಿಗೆ ನಳಿಗೆ ಹಾಕಿದರು. ಆಪರೇಷನ್ ಆಗಬಹುದು, ರಕ್ತಕಣ ಇಷ್ಟು ಇಳಿದಿರುವಾಗ ಆಪರೇಷನ್ ಮಾಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಇವರಿಗೆ ಹೇಳುತ್ತಿದ್ದಾಗ ನಾನು ಪಕ್ಕದಲ್ಲಿ ನಿಮ್ಮ ಚಪ್ಪಲಿ ಹಿಡಿದು ನಿಂತಿದ್ದೆ. ಒಂಬತ್ತು ದಿನ ಇದ್ದಿರಿ. ಆಪರೇಷನ್ ಬೇಕಾಗಲಿಲ್ಲ, ನಾಲ್ಕನೇ ಕೀಮೋ ಮುಂದಕ್ಕೆ ಹೋಯಿತು. ಅಲ್ಲಿಂದ ನೀವು ನಮ್ಮ ಮನೆಗೆ ಬರಲೇ ಇಲ್ಲ. ಟ್ಯಾಕ್ಸಿ ತರಿಸಿಕೊಂಡು ಸ್ಟೇಷನ್ನಿಗೆ, ಅಲ್ಲಿಂದ ನ್ಯೂರೆಂಬರ್ಗ್. ಉಳಿದ ಮೂರು ಕೀಮೋಗಳನ್ನು ಅಲ್ಲಿ ಒಬ್ಬರೇ ಮುಗಿಸಿದಿರಿ ಎಂದು ಬೇರೆಯವರಿಂದ ಕೇಳಿದೆವು.

ಇವರಿಗೆ ಕಾರಣವೇ ಗೊತ್ತಿರಲಿಲ್ಲ. ಆ್ಯಂಬುಲೆನ್ಸ್ ಬಂದ ದಿನ ಆಫೀಸಿನಿಂದ ತಡವಾಗಿ ಬಂದದ್ದಕ್ಕೇ ಅಕ್ಕನಿಗೆ ಸಿಟ್ಟು ಎಂದುಕೊಂಡಿದ್ದರು. ನಾಗರ ಪಂಚಮಿ ಬಂದರೆ ಅಕ್ಕತಂಗಿಯರನ್ನು ಮನೆಗೆ ಕರೆತರುವುದು ನಮ್ಮ ಕಡೆಯ ರೂಢಿ. ಇವರು ಪ್ರತಿ ಪಂಚಮಿಗೂ ಫೋನ್ ಮಾಡುತ್ತಾರೆ, ನೀವು ಎತ್ತುವುದಿಲ್ಲ. ಆಮೇಲೆ ತಾವೇ ಕೂತು ಶೇಂಗಾ ಉಂಡಿ ಕಟ್ಟಿ ಪಾರ್ಸೆಲ್ ಮಾಡುತ್ತಾರೆ. ಹತ್ತು ದಿನಕ್ಕೆ ಅದು ವಾಪಸು ಬರುತ್ತದೆ, ಮೇಲೆ 'ಸ್ವೀಕರಿಸಲು ನಿರಾಕರಣೆ' ಎಂಬ ಜರ್ಮನ್ ಚೀಟಿ. ಇವರು ಅದನ್ನು ಬಿಚ್ಚದೆ ಬಾಲ್ಕನಿಯಲ್ಲಿ ಇಟ್ಟುಬಿಡುತ್ತಾರೆ. ಏಳು ಸಲ ನೋಡಿದೆ, ಅಕ್ಕ. ಏಳು ಸಲವೂ ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ.

ನಿನ್ನೆ ಎಂಟನೇ ಪಾರ್ಸೆಲ್ ವಾಪಸು ಬಂತು. ಇವರು ಈ ಸಲ ಬಾಲ್ಕನಿಗೆ ಹೋಗಲಿಲ್ಲ. ಸೋಫಾದ ಮೇಲೆ ಕೂತು, "ಸತ್ರೂ ನಂಗ ಹೇಳಂಗಿಲ್ಲೇನ ಆಕಿ," ಎಂದು ನನ್ನನ್ನು ಕೇಳಿದರು. ಉತ್ತರ ಬೇಕು ಎಂಬಂತೆ ನನ್ನನ್ನೇ ನೋಡುತ್ತಿದ್ದರು.

ಇವತ್ತು ಬೆಳಿಗ್ಗೆ ಎದ್ದು ಇದನ್ನು ಬರೆದೆ. ಇಲ್ಲಿಯವರೆಗಿನದನ್ನು ಇವರಿಗೆ ಓದಿ ಹೇಳಿದೆ, ಒಂದು ಸಾಲೂ ಬಿಡದೆ. ಡಬ್ಬಿಯ ವಿಷಯ ಬಂದಾಗ ಹಾಳೆ ಕೆಳಗಿಟ್ಟೆ. ಇವರು "ಓದು" ಅಂದರು. ಓದಿದೆ. ಮುಗಿದ ಮೇಲೆ ಇವರು ಬೈಯಲಿಲ್ಲ, ಎದ್ದು ಮುಖ ತೊಳೆದುಕೊಂಡು ಬಂದರು. "ನ್ಯೂರೆಂಬರ್ಗಿಗೆ ಹೊಂಟೆ. ನೀ ಬರಬ್ಯಾಡ. ಆ ಹಾಳಿ ಕೊಡ," ಅಂದರು. ನಾನೂ ಬರಲೇ ಎಂದು ಕೇಳುವ ಮುಖ ನನಗಿರಲಿಲ್ಲ. ಅವರು ತಿರುಗಿ ಬಂದ ಮೇಲೆ ಈ ಮನೆಯಲ್ಲಿ ನನಗೆ ಜಾಗವಿರುತ್ತದೋ ಇಲ್ಲವೋ, ಅದನ್ನೂ ಕೇಳಲಿಲ್ಲ.

ಈಗ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ನಾನು ಮುಗಿಸುವುದನ್ನೇ ಕಾಯುತ್ತಿದ್ದಾರೆ. ನೀವು ಇದನ್ನು ಓದುತ್ತಿದ್ದರೆ ಅವರು ಇದನ್ನು ನಿಮ್ಮ ಬಾಗಿಲಿನ ಕೆಳಗಿಂದ ತೂರಿಸಿದ್ದಾರೆ ಎಂದೇ ಅರ್ಥ. ಹೊರಗೇ ನಿಂತಿದ್ದಾರೆ. ಬಾಗಿಲು ತೆಗೆಯಿರಿ, ಅಕ್ಕ. ನನಗಲ್ಲ, ನಿಮ್ಮ ತಮ್ಮನಿಗೆ.