ಡ್ಯಾಂಪ್ ಎಂಬ ಪದ ಕಲಿಸಿದ ದಿನ

ಹೆರಿಗೆ ರಜೆ ಮುಗಿಸಿ ಶಾಲೆಗೆ ಮರಳಿದ ಮೊದಲ ವಾರ. ಕೂಸನ್ನು ಯಲಬುರ್ಗಾದ ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು, ಬೆಳಗಿನ ಬಸ್ಸಿಗೆ ಬೇವೂರಿಗೆ ಹೋಗುತ್ತಿದ್ದೆ. ಅಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ.

ಅವತ್ತು ಊಟಕ್ಕೆ ಮುಂಚಿನ ಪಿರಿಯಡ್. ‘ಡ್ಯಾಂಪ್’ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ತೊಯ್ದದ್ದಕ್ಕ ವೆಟ್ ಅಂತ ಹೇಳಿದ್ರಲ್ರಿ ಮೇಡಂ, ಮತ್ತ ಇದ್ಯಾಕ?”

ಪ್ರಶ್ನೆ ಕೇಳಿ ಖುಷಿಯಾಯಿತು. ನೀರು ಸೋರುತ್ತಿದ್ದರೆ ವೆಟ್; ಹಿಂಡಿದರೂ ಹನಿ ಬೀಳದೆ, ಮುಟ್ಟಿದರೆ ಮಾತ್ರ ಕೈಗೆ ತಣ್ಣಗೆ ಹತ್ತಿದರೆ ಡ್ಯಾಂಪ್ ಎಂದೆ. ಈ ಪದ ಇಂಗ್ಲಿಷಿಗೆ ಬಂದಾಗ ಅದಕ್ಕೆ ತೇವ ಎಂಬ ಅರ್ಥವೇ ಇರಲಿಲ್ಲ. ಜರ್ಮನ್ ಕಡೆಯ ಭಾಷೆಗಳಲ್ಲಿ ಅದು ಉಗಿ, ಆವಿ. ಗಣಿಯೊಳಗೆ ಹುಟ್ಟುವ ಕೆಟ್ಟ ಗಾಳಿಗೂ ಇಂಗ್ಲಿಷರು ಅದೇ ಹೆಸರಿಟ್ಟಿದ್ದರು. ಆಮೇಲೆ ಮಂಜು, ಮಂಜಿನಿಂದ ಆಗುವ ಹಸಿ... ಹೇಳುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗರು ತಲೆ ತಗ್ಗಿಸಿದರು. ಪ್ರಶ್ನೆ ಕೇಳಿದ ಹುಡುಗಿ ನನ್ನ ಎದೆಯ ಕಡೆ ನೋಡಿ ತಟ್ಟನೆ ಕಣ್ಣು ಹೊರಳಿಸಿದಳು.

ನೋಡಿಕೊಂಡೆ. ಹಾಲು ಇಳಿದು ಕುಪ್ಪಸ ತೊಯ್ದು, ಸೆರಗಿನ ಮೇಲೂ ಕಲೆ ಹರಡಿತ್ತು.

ಪುಸ್ತಕವನ್ನು ಎದೆಗೆ ಅವುಚಿಕೊಂಡು, “ಓದ್ಕೋತ ಕೂಡ್ರಿ” ಎಂದು ಹೊರಬಿದ್ದೆ. ಕಿವಿಗಳು ಸುಡುತ್ತಿದ್ದವು.

ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್ ಒಬ್ಬರೇ ಇದ್ದರು, ನನ್ನ ತಾಯಿಯ ವಯಸ್ಸಿನ ಮುಸ್ಲಿಂ ಹೆಣ್ಣುಮಗಳು. ನನ್ನ ತುಂಬಿದ ಕಣ್ಣು ಕಂಡು ಚೀಲದಿಂದ ತಮ್ಮ ಶಾಲು ತೆಗೆದು ನನಗೆ ಹೊದಿಸಿದರು.

“ಅಳಬ್ಯಾಡ ಬೇಟಿ. ನನಗೂ ಹಿಂಗ ಆಗಿತ್ತು. ಯಾರಿಗೂ ಗೊತ್ತಾಗಬಾರ್ದಂತ ಮೈಮ್ಯಾಲೆ ಚಾ ಚೆಲ್ಕೊಂಡು ನಿಂತಿದ್ದೆ.”

ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿದೆ. ಮನೆಯಲ್ಲಿ ಕೂಸು ಹಸಿದಿರುವಾಗ ಅದು ಮೋರಿಗೆ ಹರಿದು ಹೋಗುವುದನ್ನು ನೋಡುತ್ತ, ಮಕ್ಕಳ ಮುಂದೆ ಆದದ್ದಕ್ಕಿಂತ ದೊಡ್ಡ ನಾಚಿಕೆಯಾಯಿತು.

ಶಾಲು ಹೊದ್ದು ಮತ್ತೆ ಕ್ಲಾಸಿಗೆ ಹೋದೆ. ಉಳಿದ ಪಾಠವನ್ನು ಕಿಟಕಿಯ ಕಡೆ ನೋಡುತ್ತಲೇ ಮುಗಿಸಿದೆ.

ಸಂಜೆ ಅತ್ತೆ, “ಇದ್ಯಾರ ಶಾಲು?” ಎಂದರು.

“ಥಂಡಿ ಹತ್ತಿತ್ರಿ ಅತ್ತಿ” ಎಂದೆ. ಬಿಸಿಲಿಗೆ ಕಾದ ಕಟ್ಟೆ ಇನ್ನೂ ಆರಿರಲಿಲ್ಲ. ಅವರು ನನ್ನ ಕುಪ್ಪಸದತ್ತ ಒಮ್ಮೆ ನೋಡಿ, ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು.

ಮರುದಿನ ಊಟದ ಬೆಲ್ ಹೊಡೆದಾಗ ಶಾಲೆಯ ಗೇಟಿನಲ್ಲಿ ಅತ್ತೆ ನಿಂತಿದ್ದರು, ಬಗಲಲ್ಲಿ ಕೂಸು. “ಬಸ್ಸಿನ್ಯಾಗ ಒಟ್ಟ ಅಳಲಿಲ್ಲ ನೋಡು. ಒಳಗ ಎಲ್ಲೆರ ಕುಂತು ಕುಡಿಸು” ಎಂದರು.

ಶಾಲೆಯ ಬಿಸಿಯೂಟದ ಅಡುಗೆ ಕೋಣೆಯಲ್ಲಿ, ಅಕ್ಕಿ ಚೀಲಗಳ ಮರೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತೆ. ಕೂಸು ಗಟಗಟ ಕುಡಿಯಿತು. ಹೊರಗೆ ಮಕ್ಕಳ ಸಪ್ಪಳ ಕೇಳಿದಾಗಲೆಲ್ಲ ನಾನು ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ.