ಒಂದೇ ಸಲ ಕೇಳಿದ ಬ್ಯಾಂಕು

ಪೂರ್ವಿ, ಸುಮೇಧ, ಇಬ್ಬರೂ ಒಟ್ಟಿಗೆ ಕೂತು ಇದನ್ನು ಓದಿ. ಪೂರ್ವಿ ಗಟ್ಟಿಯಾಗಿ ಓದಲಿ, ಸುಮೇಧ ಕೇಳಲಿ. ಒತ್ತಕ್ಷರ ಬಂದಲ್ಲೆಲ್ಲ ಅವನು ದಣಿದ ಎತ್ತಿನ ಹಾಗೆ ನಿಂತುಬಿಡುತ್ತಾನೆ.

ನಿನ್ನೆ ನಾನು ಹಲಸಿನ ಹಪ್ಪಳದ ಹಿಟ್ಟನ್ನು ಒರಳಿನಿಂದ ಕೆರೆದು ತೆಗೆಯುತ್ತಿದ್ದಾಗ ಪೂರ್ವಿ ಕೇಳಿದಳು, "ಅಜ್ಜೀ, ಅದು ಎಂತದು ಕೈಯಲ್ಲಿ? ಎಟಿಎಂ ಕಾರ್ಡಾ?" ಹೌದು, ಕಾರ್ಡೇ. ಹಸಿರು ಬಣ್ಣದ್ದು, ಒಂದು ಮೂಲೆ ಸವೆದುಹೋಗಿದೆ. ಒರಳು ಕೆರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಬಾಗುತ್ತದೆ, ಮುರಿಯುವುದಿಲ್ಲ. ಅದರ ಮೇಲೆ ಇಂಗ್ಲಿಷಿನ ಉಬ್ಬಕ್ಷರದಲ್ಲಿ ನನ್ನ ಹೆಸರಿದೆ. ಹಿಟ್ಟು ಅಕ್ಷರಗಳ ಸಂದಿಯಲ್ಲಿ ಕೂತಾಗ ಹೆಸರು ಇನ್ನೂ ಚೆಂದ ಕಾಣುತ್ತದೆ.

"ಯಾವ ಬ್ಯಾಂಕಿಂದು?" ಎಂದಳು. "ನ್ಯೂಜಿಲೆಂಡಿಂದು" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಗುವುದೇ ಸರಿ. ಕೊಪ್ಪದ ಬಸ್ಸಿನಲ್ಲಿ ಕಂಡಕ್ಟರಿಗೆ ಟಿಕೆಟ್ ಕೇಳಲು ನಾಚಿ ನಿಮ್ಮ ಕೈಯಲ್ಲಿ ಕೇಳಿಸುವ ಅಜ್ಜಿಗೆ ಪರದೇಶದಲ್ಲಿ ಖಾತೆ!

ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸಂಜೆ ಸುಮೇಧ ಪಕ್ಕದ ಸಾವಿತ್ರಕ್ಕನ ಮನೆಗೆ ಹೋಗಿ ಬಂದವನು ಅಳುಮುಖ ಮಾಡಿಕೊಂಡು ನಾಲ್ಕು ದೋಸೆ ತಿಂದ. ಅವರ ಮನೆಯಲ್ಲಿ ಕಾಯಿಹೋಳಿಗೆ ಮಾಡಿದ್ದರಂತೆ. ಕೊಡಲಾ ಎಂದು ಕೇಳಿದರಂತೆ. ಇವನು ಬೇಡ ಎಂದನಂತೆ. "ಅವ್ರು ಮತ್ತೆ ಕೇಳ್ಲೇ ಇಲ್ಲ ಅಜ್ಜೀ" ಎಂದ. ಈ ರೋಗ ಅವನಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನನ್ನಿಂದಲೇ. ಆದ್ದರಿಂದ ಕಾರ್ಡಿನ ಕಥೆಯನ್ನು ಬರೆದೇ ಇಡಬೇಕು ಅನ್ನಿಸಿತು. ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೇ ನಾಚಿಕೊಂಡು ಒಲೆ ನೋಡಲು ಎದ್ದುಹೋಗುತ್ತೇನೆ.

ನಮ್ಮ ಕಡೆಯ ಉಪಚಾರದ ಕ್ರಮ ನಿಮಗೆ ಗೊತ್ತಲ್ಲ. ಬಿಸಿಲಲ್ಲಿ ಜಯಪುರದಿಂದ ನಡೆದು ಬಂದು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದ್ದರೂ, ಮನೆಯವರು "ಆಸರಿಗೆ ಎಂತ ಕೊಡ್ಲಿ?" ಎಂದರೆ "ಎಂತದೂ ಬೇಡ, ಈಗಷ್ಟೇ ಆಯ್ತು" ಎನ್ನಬೇಕು. "ಹಾಂಗಂದ್ರೆ ಹೆಂಗೆ, ಅರ್ಧ ಲೋಟ ಮಜ್ಜಿಗೆ?" ಎಂದು ಅವರು ಎರಡನೇ ಸಲ ಕೇಳಬೇಕು. "ಬೇಡ್ವೇ ಬೇಡ, ನಿಮಗೆ ಸುಮ್ನೆ ತ್ರಾಸ" ಎಂದು ನಾವು ಅನ್ನಬೇಕು. ಮೂರನೇ ಸಲ ಅವರು ಕೇಳುವುದಿಲ್ಲ, ಲೋಟಕ್ಕೆ ಬಗ್ಗಿಸಿಯೇ ಬಿಡುತ್ತಾರೆ. ಆಗ "ಅಯ್ಯಯ್ಯೋ, ಇಷ್ಟೆಲ್ಲ ಎಂತಕ್ಕೆ?" ಎನ್ನುತ್ತ ತಳ ಕಾಣುವವರೆಗೆ ಕುಡಿಯಬೇಕು. ಮೊದಲನೇ ಸಲಕ್ಕೇ ಬೇಕು ಎಂದವನು ಎದ್ದು ಹೋದ ಮೇಲೆ, "ಪಾಪ, ಮನೇಲಿ ಎಂತ ಮಾಡಿರ್ಲಿಲ್ಲ ಕಾಣ್ತದೆ" ಎಂದು ಒಳಗೆ ಮಾತಾಗುತ್ತದೆ.

ಈ ಕ್ರಮ ತಪ್ಪಿದ್ದಕ್ಕೇ ನನ್ನ ಮದುವೆಯಾಗಿದ್ದು ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ನನ್ನ ತವರು ಬಾಳೆಹೊನ್ನೂರಿನ ಹತ್ತಿರ. ಅವರು ಹೆಣ್ಣು ನೋಡಲು ಬಂದಾಗ ನನ್ನ ಅಮ್ಮ ಕೇಸರಿಬಾತಿನ ಪಾತ್ರೆ ಹಿಡಿದು ಬಂದು "ಇನ್ನೊಂಚೂರು?" ಎಂದಳು. ಎಲೆಗೆ ಇನ್ನೂ ಮೊದಲನೆಯ ಚೂರೇ ಬಿದ್ದಿರಲಿಲ್ಲ. ಇವರು ಕ್ರಮದಂತೆ ಬೇಡ ಎಂದರು. ಅಮ್ಮ ಗಾಬರಿಯಲ್ಲಿ ಪಾತ್ರೆ ಹೊತ್ತು ಸೀದಾ ಒಳಗೆ ಹೋದವಳು ಮತ್ತೆ ಬರಲೇ ಇಲ್ಲ. ಇವರು ಬಾಗಿಲನ್ನೇ ನೋಡುತ್ತ ಕೂತಿದ್ದರಂತೆ. ನಾನು ಬಂದು ಹೋದದ್ದೂ ಕಾಣಲಿಲ್ಲವಂತೆ. "ನಿನ್ನನ್ನ ನೋಡಿ ಎಲ್ಲಿ ಒಪ್ಪಿದ್ದು ಮಾರಾಯ್ತಿ? ಆ ಕೇಸರಿಬಾತ್ ತಿನ್ನೋಕೆ ಇನ್ನೊಂದು ಸಲ ಆ ಮನೆಗೆ ಬರ್ಬೇಕಿತ್ತಲ್ಲ, ಅದಕ್ಕೇ ಒಪ್ಪಿದ್ದು" ಎಂದು ನೆಂಟರೆದುರೆಲ್ಲ ಹೇಳುತ್ತಿದ್ದರು.

ಅವರು ತೀರಿಹೋದ ಮೇಲಿನ ಮಾತು ಇಷ್ಟು ತಮಾಷೆಯದಲ್ಲ, ಆದರೂ ಬರೆಯುತ್ತೇನೆ. ಕಾರ್ಯಗಳೆಲ್ಲ ಮುಗಿದ ಮೇಲೆ ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ಅಜ್ಜ ಬಿಟ್ಟುಹೋದ ದುಡ್ಡಿನ ವ್ಯವಸ್ಥೆಗೆಂದು ನನ್ನನ್ನು ಕೊಪ್ಪದ ಬ್ಯಾಂಕಿಗೆ ಕರೆದುಕೊಂಡು ಹೋದರು. ಅಲ್ಲಿಯ ಆಫೀಸರು ಬಹಳ ಸೌಮ್ಯವಾಗಿ, "ಪಾಸ್‌ಬುಕ್ ನಿಮ್ಮ ಹೆಸ್ರಿಗೇ ಮಾಡಿ ಕೊಡ್ಲಾ ಅಮ್ಮ, ಅಥವಾ ಇವರೇ ನೋಡ್ಕೊಳ್ತಾರಾ?" ಎಂದು ಕೇಳಿದರು. ಭಾವನವರು ಪಕ್ಕದಲ್ಲೇ ನಿಂತಿದ್ದರು. ಅವರೆದುರು ಬೇಕು ಎನ್ನುವುದು ಹೇಗೆ? "ಬೇಡ, ಭಾವನವರೇ ನೋಡ್ಕೊಳ್ಳಲಿ" ಎಂದೆ. ಎಂದು, ಎರಡನೇ ಸಲ ಕೇಳುತ್ತಾರೆ ಎಂದು ಕಾದೆ. ಆಫೀಸರು ಆಗಲೇ ಬೇರೆ ಲೆಡ್ಜರು ಎಳೆದುಕೊಂಡಿದ್ದರು.

ಭಾವನವರು ಕೆಟ್ಟವರಲ್ಲ. ಕೇಳಿದರೆ ಇಲ್ಲ ಎಂದವರಲ್ಲ. ಕಷ್ಟ ಇದ್ದದ್ದು ಕೇಳುವುದರಲ್ಲಿ. ಸೋಪು ಮುಗಿದರೆ, ಕನ್ನಡಕದ ಕಾಲು ಮುರಿದರೆ, ನರಸಿಂಹರಾಜಪುರಕ್ಕೆ ಮಗಳ ಅತ್ತೆಯನ್ನು ನೋಡಲು ಹೋಗಬೇಕೆಂದರೆ, ನಾನು ಅವರ ಜಗಲಿಯ ಕಂಬದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. "ಎಂತಾದ್ರೂ ಬೇಕಿತ್ತನಾ?" ಎಂದು ಅವರು ಕೇಳುತ್ತಿದ್ದರು. "ಎಂತ ಇಲ್ಲ, ಹಿಂಗೇ ಬಂದೆ" ಎಂದು ತಿರುಗಿ ಬರುತ್ತಿದ್ದೆ. ಹೀಗೆ ಒಂದು ಸೋಪಿಗೆ ಮೂರು ಸಲ ಕಂಬ ಹಿಡಿಯಬೇಕಾಗುತ್ತಿತ್ತು. ಆ ಪಾಸ್‌ಬುಕ್ಕಿನ ಮೇಲೆ ನನ್ನ ಹೆಸರೊಂದಿದ್ದಿದ್ದರೆ ಎಂದು ಪಾತ್ರೆ ತೊಳೆಯುವಾಗೆಲ್ಲ ಅಂದುಕೊಳ್ಳುತ್ತಿದ್ದೆ. ಪಾತ್ರೆಗಳಿಗೆ ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ನಿಮ್ಮ ಅಪ್ಪನಿಗೆ, ಅಂದರೆ ನನ್ನ ಅಳಿಯನಿಗೆ, ನ್ಯೂಜಿಲೆಂಡಿನ ಒಂದು ಹಾಲಿನ ಫಾರ್ಮಿನಲ್ಲಿ ಕೆಲಸ ಸಿಕ್ಕಿತ್ತು. ನೂರಾರು ದನ, ಯಾವುದಕ್ಕೂ ಹೆಸರಿಲ್ಲ, ಕಿವಿಯಲ್ಲಿ ನಂಬರು. ಪೂರ್ವಿ ಅಲ್ಲೇ ಹುಟ್ಟುವವಳಿದ್ದಳು, ಬಾಣಂತನಕ್ಕೆ ನನ್ನನ್ನು ಕರೆಸಿದರು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ, ನಾನು ಒಂದು ವಾರ ಕೂತು ಕಾಸಿದ ಬಾಣಂತಿ ಲೇಹದ ಡಬ್ಬಿಯನ್ನು ಒಬ್ಬಾತ ಕೈಗವಸು ಹಾಕಿಕೊಂಡು ಸತ್ತ ಹಾವನ್ನು ಎತ್ತಿದಂತೆ ಎತ್ತಿ ಕಸದ ತೊಟ್ಟಿಗೆ ಹಾಕಿದ. ನಾನು ಥ್ಯಾಂಕ್ಯೂ ಎಂದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಮೂರೇ: ಯೆಸ್, ನೋ, ಥ್ಯಾಂಕ್ಯೂ. ಯೆಸ್ ಎನ್ನುವುದನ್ನು ಬಳಸಿ ಅಭ್ಯಾಸವಿರಲಿಲ್ಲ.

ಆ ಮನೆಯ ಹಿತ್ತಿಲಲ್ಲಿ ಒಂದು ನಿಂಬೆ ಮರ. ಹಣ್ಣು ಬಿದ್ದು ಕೊಳೆಯುತ್ತಿದ್ದರೂ ಹೆಕ್ಕುವವರಿಲ್ಲ. ನನ್ನ ಕೈ ಕೇಳಬೇಕಲ್ಲ! ಅಳಿಯ ಪೇಟೆಯಿಂದ ಮೆಣಸಿನ ಪುಡಿ ತಂದುಕೊಟ್ಟ, ಎಂಟು ಬಾಟಲಿ ಉಪ್ಪಿನಕಾಯಿ ಹಾಕಿದೆ. ಫಾರ್ಮಿನ ಯಜಮಾನನ ಹೆಂಡತಿ ಒಂದು ಬಾಟಲಿಯನ್ನು ಅಲ್ಲಿಯ ರೈತರ ಪ್ರದರ್ಶನದ ಸ್ಪರ್ಧೆಗೆ ಒಯ್ದಳು. ಒಂದು ಮೇಜಿನ ಮೇಲೆ ಜಾಮುಗಳು, ಒಂದರ ಮೇಲೆ ಉಪ್ಪಿನಕಾಯಿಗಳು. ತೀರ್ಪುಗಾರ ಅಜ್ಜ ನನ್ನದನ್ನೂ ಜಾಮು ತಿನ್ನುವ ಹಾಗೆ ಚಮಚ ತುಂಬಿಸಿ ಬಾಯಿಗಿಟ್ಟ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಕಣ್ಣಲ್ಲಿ ನೀರು ಸುರಿಯಿತು. ಕೊಂದೆನಲ್ಲಪ್ಪ ಎಂದು ನಾನು ನಿಮ್ಮ ಅಮ್ಮನ ಬೆನ್ನ ಹಿಂದೆ ಅಡಗಿಕೊಂಡೆ. ಅವನು ಇನ್ನೊಂದು ಚಮಚ ತಿಂದು ಮೊದಲನೇ ಬಹುಮಾನ ಬರೆದ.

ಬಹುಮಾನದ ಚೆಕ್ಕು ಅಂಚೆಯಲ್ಲಿ ಬಂತು. ದೊಡ್ಡ ಮೊತ್ತವೇನಲ್ಲ, ಒಂದು ಒಳ್ಳೆಯ ಸೀರೆ ಬರುತ್ತಿತ್ತೋ ಏನೋ. ಆದರೆ ಅದರ ಮೇಲೆ ನನ್ನ ಹೆಸರಿತ್ತು. ಯಾರ ಹೆಂಡತಿ, ಯಾರ ತಾಯಿ ಎಂದೇನೂ ಇಲ್ಲ, ಬರೀ ನನ್ನ ಹೆಸರು. ನಾನು ಅದನ್ನು ಮಡಚಲು ಮನಸ್ಸು ಬಾರದೆ ತಟ್ಟೆಯ ಮೇಲಿಟ್ಟೆ.

"ಅತ್ತೆ, ಇದನ್ನ ನನ್ನ ಖಾತೆಗೆ ಹಾಕಿ ನೀವು ಹೋಗುವಾಗ ದುಡ್ಡು ಕೊಡ್ತೇನೆ, ಆಗ್ಬಹುದಾ?" ಎಂದ ನಿಮ್ಮ ಅಪ್ಪ.

"ಅಡ್ಡಿಲ್ಲ, ಹಾಂಗೇ ಮಾಡಿ" ಎಂದೆ.

ನಿಮ್ಮ ಅಮ್ಮ ಪೂರ್ವಿಯನ್ನು ಕಾಲ ಮೇಲೆ ಮಲಗಿಸಿಕೊಂಡು ನನ್ನ ಮುಖ ನೋಡುತ್ತಿದ್ದಳು. "ಅಮ್ಮ, ನಿನ್ನ ಹೆಸ್ರಿಗೇ ಒಂದು ಅಕೌಂಟ್ ಮಾಡ್ಸುವನಾ?"

"ಬೇಡ, ಎಂತಕ್ಕೆ?"

"ಮಾಡ್ಸುವನಾ?"

"ನಿಮಗೆ ಸುಮ್ನೆ ತ್ರಾಸ."

"ಸರಿ. ಮೂರನೇದು ಕೇಳೋದಿಲ್ಲ. ನಾಳೆ ಹೊರಡು."

ಬ್ಯಾಂಕೆಂದರೆ ನಮ್ಮ ಅಂಚೆ ಕಚೇರಿಯಷ್ಟೇ ದೊಡ್ಡದು. ಮೇಜಿನ ಹಿಂದೆ ಗುಲಾಬಿ ಸ್ವೆಟರು ಹಾಕಿದ, ತಲೆಯೆಲ್ಲ ಬೆಳ್ಳಗಾದ ಹೆಂಗಸು, ಕೊರಳಲ್ಲಿ ಸರದ ಹಾಗೆ ನೇತಾಡುವ ಕನ್ನಡಕ. ನಿಮ್ಮ ಅಮ್ಮ ಪಾಸ್‌ಪೋರ್ಟು, ಮನೆ ವಿಳಾಸದ ಕಾಗದ ಎಲ್ಲ ಕೊಟ್ಟು ಫಾರಂ ತುಂಬಿಸಿದಳು. ನಾನು ಕನ್ನಡದಲ್ಲೇ ಸಹಿ ಹಾಕಿದೆ. ಅಷ್ಟರಲ್ಲಿ ಪೂರ್ವಿ ಸೂರು ಹಾರುವಂತೆ ಕಿರುಚಿದಳು. "ಅಮ್ಮ, ಇವಳಿಗೆ ಕಾರಲ್ಲಿ ಹಾಲು ಕುಡ್ಸಿ ಬರ್ತೇನೆ. ಎಲ್ಲ ಬರ್ದಾಗಿದೆ. ಅವ್ರು ಕೇಳಿದ್ದಕ್ಕೆ ಯೆಸ್ ಅಂದ್ರೆ ಮುಗೀತು" ಎಂದು ಹೇಳಿ ಹೋದಳು.

ಆ ಹೆಂಗಸು ನಕ್ಕು, ಒಂದು ಕಪ್ಪು ಎತ್ತಿ ತೋರಿಸಿ "ಟೀ?" ಎಂದಳು.

"ನೋ, ನೋ, ಥ್ಯಾಂಕ್ಯೂ" ಎಂದೆ.

ಕಪ್ಪು ಕೆಳಗಿಟ್ಟಳು. ಇಟ್ಟೇಬಿಟ್ಟಳು! ನಾನು ಕೆಟಲನ್ನು ನೋಡಿದೆ, ಅವಳು ನೋಡಲಿಲ್ಲ. ಆಮೇಲೆ ಹಸಿರು ಕಾರ್ಡೊಂದನ್ನು ತೋರಿಸಿ "ಕಾರ್ಡ್?" ಎಂದಳು. "ನೋ, ನೋ, ಥ್ಯಾಂಕ್ಯೂ." "ಚೆಕ್ ಬುಕ್?" "ನೋ, ನೋ." ಅವಳಿಗೆ ಏನೋ ಅನುಮಾನ ಬಂತು. ಬಾಗಿಲ ಕಡೆ, ಮಗಳು ಹೋದ ದಿಕ್ಕಿಗೆ ಒಮ್ಮೆ ನೋಡಿದಳು. ಫಾರಂ ಮೇಲೆ ಬೆರಳಿಟ್ಟು, ಮಗುವಿಗೆ ಕೇಳುವಷ್ಟು ನಿಧಾನವಾಗಿ, "ಅಕೌಂಟ್? ಯೆಸ್? ನೋ?" ಎಂದಳು.

ದೇವರಾಣೆ ಹೇಳುತ್ತೇನೆ ಮಕ್ಕಳೇ, ಬಾಯಿ ನನ್ನ ಮಾತು ಕೇಳಲಿಲ್ಲ. "ನೋ, ನೋ, ಥ್ಯಾಂಕ್ಯೂ" ಎಂದುಬಿಟ್ಟೆ. ಎಂದು, ಇನ್ನೊಂದು ಸಲ ಕೇಳು ತಾಯಿ ಎಂದು ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ತಲೆಯಾಡಿಸಿದಳು. ಮೇಜಿನಾಚೆಯಿಂದ ಕೈ ಚಾಚಿ ನನ್ನ ಕೈ ತಟ್ಟಿದಳು. ಮಗಳು ಬಲವಂತ ಮಾಡಿ ಕರೆತಂದಿದ್ದಾಳೆ, ಪಾಪದ ಮುದುಕಿ, ಎಂದುಕೊಂಡಿರಬೇಕು. ಪಾಸ್‌ಪೋರ್ಟಿನ ಮೇಲೆ ಚೆಕ್ಕನ್ನಿಟ್ಟು ನನ್ನ ಕಡೆ ಸರಿಸಿದಳು. ಫಾರಮನ್ನು ಎತ್ತಿಕೊಂಡು, ಕುರ್ಚಿ ತಿರುಗಿಸಿ, ಪಕ್ಕದಲ್ಲಿದ್ದ ಕಾಗದ ಕತ್ತರಿಸುವ ಮಿಷನ್ನಿನ ಬಾಯಿಗೆ ಹಿಡಿದಳು.

ನನಗೆ ಆ ಕ್ಷಣ ಕಂಡದ್ದು ಕೊಪ್ಪದ ಆ ಲೆಡ್ಜರು. ಆಮೇಲೆ ಭಾವನವರ ಜಗಲಿಯ ಕಂಬ.

"ಬೇಕು!"

ಕನ್ನಡದಲ್ಲೇ ಅಂದೆ. ಎದ್ದು ನಿಂತು ಅಂದೆ. ಅಂಥ ದನಿ ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ಗಂಬೂಟಿನ ರೈತನೊಬ್ಬ ಟೋಪಿ ತೆಗೆದ. ಆ ಹೆಂಗಸು ಫಾರಮನ್ನು ಎದೆಗೆ ಒತ್ತಿಕೊಂಡು ತಿರುಗಿದಳು. "ಬೇಕು" ಎಂದು ಇನ್ನೊಮ್ಮೆ, ಈ ಸಲ ಮೆಲ್ಲಗೆ ಅಂದೆ. ಆಮೇಲೆ ಇಂಗ್ಲಿಷ್ ನೆನಪಾಯಿತು. "ಯೆಸ್. ಯೆಸ್. ಯೆಸ್." ಹಳೆಯ ಬಾಕಿಯನ್ನೂ ಸೇರಿಸಿ ಹೇಳಿದ ಹಾಗಿತ್ತು.

ಅವಳು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿ ನಕ್ಕು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಟೀ? ಯೆಸ್. ಬಿಸ್ಕತ್ತು? ಯೆಸ್. ಕಾರ್ಡು? ಯೆಸ್. ಚೆಕ್ ಬುಕ್? ಯೆಸ್. ಒಮ್ಮೆ ಬಾಯಿ ಬಿಚ್ಚಿದ ಮೇಲೆ ನಿಲ್ಲಿಸುವುದು ಹೇಗೆಂದು ನನಗೂ ಗೊತ್ತಾಗಲಿಲ್ಲ. ನಿಮ್ಮ ಅಮ್ಮ ವಾಪಸು ಬರುವಾಗ ನಾನು ಎರಡನೇ ಕಪ್ಪು ಟೀ ಕುಡಿಯುತ್ತಿದ್ದೆ. ಎದುರಿಗೆ ಬಣ್ಣಬಣ್ಣದ ಕಾಗದಗಳ ರಾಶಿ, ಅದರ ಮೇಲೊಂದು ಪ್ಲಾಸ್ಟಿಕ್ ಹಸುವಿನ ಹುಂಡಿ. ಸುಮೇಧ, ನೀನು ಗೋಲಿ ತುಂಬಿಸುವ ಹಸು ಅದೇ.

ನಿಮ್ಮ ಅಮ್ಮ ಒಂದು ಕಾಗದ ಎತ್ತಿ ಓದಿದಳು. "ಅಮ್ಮ, ಇದು ಮನೆ ಕಟ್ಟೋ ಸಾಲದ್ದು. ಇಲ್ಲೇ ಮನೆ ಕಟ್ತೀಯಾ?"

"ಅವ್ರು ಕೇಳಿದ್ರು. ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ" ಎಂದೆ.

ಊರಿಗೆ ಬಂದ ವಾರವೇ ನಾನು ಭಾವನವರ ಜಗಲಿಗೆ ಹೋದೆ. ಕಂಬ ಹಿಡಿಯಲಿಲ್ಲ, ಕೈ ಮಾತ್ರ ಅದರ ಕಡೆಗೇ ಹೋಗುತ್ತಿತ್ತು. ಅವರು ಎಂತಾದ್ರೂ ಬೇಕಾ ಎಂದು ಕೇಳುವ ಮೊದಲೇ, ನೆಲ ನೋಡುತ್ತ, "ನಂಗೆ ಪಾಸ್‌ಬುಕ್ ಬೇಕು. ನನ್ನ ಹೆಸ್ರಿಗೆ" ಎಂದೆ. 

ಭಾವನವರು ಅಡಿಕೆ ಹೋಳನ್ನು ದವಡೆಗೆ ಸರಿಸಿಕೊಂಡು ನನ್ನನ್ನೇ ನೋಡಿದರು. "ಇದನ್ನ ಮೊದ್ಲೇ ಹೇಳೋಕೆ ಎಂತ ಆಗಿತ್ತು ಮಾರಾಯ್ತಿ? ತಿಂಗಳು ತಿಂಗಳು ನಿಂಗೋಸ್ಕರ ಕೊಪ್ಪದ ಬ್ಯಾಂಕಿನ ಮೆಟ್ಲು ಹತ್ತಿ ಹತ್ತಿ ನನ್ನ ಮೊಣಕಾಲು ಹೋಯ್ತು! ಅವತ್ತು ಆಫೀಸರು ಕೇಳುವಾಗ ನೀನೇ ಅಲ್ದಾ ಬೇಡ ಅಂದಿದ್ದು?"

"ಹೌದು. ನೀವಾದ್ರೂ ಇನ್ನೊಂದು ಸಲ ಕೇಳ್ಬಹುದಿತ್ತು."

"ಕೇಳುವ ಅಂತಿದ್ದೆ. ಕೇಳಿದ್ರೆ, ಇವನಿಗೆ ಜವಾಬ್ದಾರಿ ಬೇಡ ಕಾಣ್ತದೆ ಅಂತ ನೀನು ತಿಳ್ಕೊಂಡ್ರೆ ಅಂತ ಸುಮ್ಮನಾದೆ."

ಇಷ್ಟು ದಿನ ಆ ಕಡೆ ಅವರೊಂದು ಬೇಡ, ಈ ಕಡೆ ನಾನೊಂದು ಬೇಡ ಹಿಡಿದುಕೊಂಡು ನಿಂತಿದ್ದೆವು, ನೋಡಿ. ಮರುದಿನ ಇಬ್ಬರೂ ಕೊಪ್ಪದ ಬಸ್ಸು ಹತ್ತಿದೆವು. ಅವರು ಬ್ಯಾಂಕಿನ ಮೆಟ್ಟಿಲ ಕೆಳಗೇ ಕೂತರು, ನಾನೊಬ್ಬಳೇ ಮೇಲೆ ಹೋದೆ.

ಪರದೇಶದ ಖಾತೆಯನ್ನು ನಿಮ್ಮ ಅಪ್ಪ ಅಮ್ಮ ಊರಿಗೆ ವಾಪಸಾಗುವ ಮುಂಚೆ ಮುಚ್ಚಿಸಿದರು. ಕಾರ್ಡು ಉಳಿಯಿತು, ಒರಳು ಕೆರೆಯುತ್ತಿದೆ. ನನ್ನ ನಾಚಿಕೆಯೇನೂ ಹೋಗಿಲ್ಲ, ಬಸ್ಸಿನ ಟಿಕೆಟ್ಟು ನೀವೇ ಕೇಳಬೇಕು. ಆದರೆ ನಿನ್ನೆಯ ಸುಮೇಧನ ಮುಖ ನೋಡಲಾಗದೆ, ಇದನ್ನು ಬರೆಯಲು ಕೂರುವ ಮೊದಲು, ಬೆಳಿಗ್ಗೆ ಸಾವಿತ್ರಕ್ಕನ ಮನೆಗೆ ಹೋಗಿದ್ದೆ. "ಆಸರಿಗೆ ಎಂತ ಕೊಡ್ಲಿ?" ಎಂದಳು. "ನಿನ್ನೆಯ ಹೋಳಿಗೆ ಉಳಿದಿದ್ರೆ ನಾಲ್ಕು ಬೇಕು" ಎಂದೆ. ಅವಳು ಕೈಯಲ್ಲಿದ್ದ ಚೊಂಬು ಕೆಳಗಿಟ್ಟು, "ನೀನೇನಾ ಮಾರಾಯ್ತಿ ಕೇಳ್ತಿರೋದು?" ಎಂದು ನಕ್ಕಳು. ನಾಲ್ಕು ಕೇಳಿದ್ದಕ್ಕೆ ಆರು ಕೊಟ್ಟಳು. ಅಡುಗೆ ಮನೆಯಲ್ಲಿ ಹಿತ್ತಾಳೆ ತಟ್ಟೆ ಮುಚ್ಚಿದ್ದೇನೆ, ಓದಿ ಮುಗಿಸಿ ತಿನ್ನಿ.

ನಾಳೆ ನೀವು ನರಸಿಂಹರಾಜಪುರದ ನಿಮ್ಮ ಮನೆಗೆ ಹೊರಡುವಾಗ ಈ ಹಾಳೆಗಳನ್ನು ಹಿಡಿದುಕೊಂಡು "ಬೇಕಾ?" ಎಂದು ಕೇಳುತ್ತೇನೆ. ಒಂದೇ ಸಲ. ಬೇಕು ಎಂದರೆ ಬಟ್ಟೆಗಳ ನಡುವೆ, ಒದ್ದೆಯಾಗದ ಕಡೆ ಇಟ್ಟುಕೊಳ್ಳಿ. ನಿಮ್ಮ ಅಮ್ಮ ಉಪ್ಪಿನಕಾಯಿ ಬಾಟಲಿಯ ಅಡಿಗೆ ಹಾಸದಂತೆ ನೋಡಿಕೊಳ್ಳಿ.